ಹುಣಸೆಮರದ ಗ್ಯಾರೇಜು ಮುಚ್ಚಿಲ್ಲ (ಹಳೇ ಮೈಸೂರು ರಸ್ತೆ)

ಹುಣಸೆಮರದ ಮೊಮ್ಮಗಳು

ಹೋದ ವಾರ ಇಲ್ಲೇ ಬೇರೆ ಚರ್ಚೆಯಲ್ಲಿ ಒಬ್ಬರು ಬರೆದಿದ್ದರು. "ರಾಮನಗರ ದಾಟಿ ಚನ್ನಪಟ್ಟಣ ಸಿಗುವ ಮುಂಚೆ ಹುಣಸೆಮರದ ಗ್ಯಾರೇಜ್ ಅಂತ ಇತ್ತು, ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಬಂದ ಮೇಲೆ ಮುಚ್ಚಿಹೋಯ್ತು, ಪಾಪ" ಅಂತ.

ಮುಚ್ಚಿಲ್ಲ ಸ್ವಾಮಿ. ಹೋಗಿರುವುದು ಹುಣಸೆಮರ. ಗ್ಯಾರೇಜು ಇದ್ದಲ್ಲೇ ಇದೆ. ಇವತ್ತು ಬೆಳಿಗ್ಗೆ ನನ್ನ ತಮ್ಮ ಅಲ್ಲಿ ಎರಡು ಬೈಕಿಗೆ ಕ್ಲಚ್ ಕೇಬಲ್ ಹಾಕಿದ್ದಾನೆ, ಒಂದು ಪಂಕ್ಚರ್ ಹಾಕಿದ್ದಾನೆ. ಆ 'ಪಾಪ' ಅನ್ನುವುದನ್ನು ಅಮ್ಮನಿಗೆ ಓದಿ ಹೇಳಿದೆ. "ಯಾರಿಗೆ ಪಾಪ?" ಅಂದರು. ಅದಕ್ಕೇ ಬರೆಯಲು ಕೂತೆ.

ತಾತ 1958ರಲ್ಲಿ ಅಲ್ಲಿ ಸೈಕಲ್ ಶಾಪ್ ಇಟ್ಟರು. ನಾಲ್ಕು ಬಾಡಿಗೆ ಸೈಕಲ್ಲು, ಒಂದು ಪಂಪು, ಪಂಕ್ಚರ್ ನೋಡಲು ಒಂದು ನೀರಿನ ಬಾನಿ. ಗಂಟೆಗೆ ಎರಡಾಣೆ. ಆಗಿನ ರಸ್ತೆ ಹೇಗಿತ್ತು ಅಂದರೆ, ಎದುರಿಂದ ಬಸ್ಸು ಬಂದರೆ ನಾವು ಮಣ್ಣಿಗೆ ಇಳಿಯಬೇಕು. ಎರಡೂ ಕಡೆ ಸಾಲುಮರ. ಬುಡಕ್ಕೆ ಸುಣ್ಣ, ಕೆಮ್ಮಣ್ಣು ಬಳಿದು ನಂಬರ್ ಬರೆದಿರುತ್ತಿದ್ದರು. ವರ್ಷಕ್ಕೊಮ್ಮೆ ಸರ್ಕಾರದವರು ಹುಣಸೆಹಣ್ಣಿನ ಹರಾಜು ಹಾಕುತ್ತಿದ್ದರು. ಹಣ್ಣು ಹರಾಜು ಹಿಡಿದವರದ್ದು, ನೆರಳು ತಾತನದ್ದು. ಕೊಂಬೆಗೆ ಒಂದು ಹಳೇ ಟೈರು ನೇತುಹಾಕಿದರು. ಅದೇ ಬೋರ್ಡು. ಓದು ಬಾರದವರಿಗೂ ಗೊತ್ತಾಗುತ್ತಿತ್ತು.

ಅಕ್ಷರದ ಬೋರ್ಡು ಬಂದದ್ದು ಆಮೇಲೆ. ಅದರ ಕಥೆಯೇ ಬೇರೆ. ಮೊದಲು 'ಬೆಂಗಳೂರು ಜಿಲ್ಲೆ, ಮೈಸೂರು ರಾಜ್ಯ' ಅಂತಿತ್ತು. 1973ರಲ್ಲಿ ಕರ್ನಾಟಕ ಆಯಿತು. 1986ರಲ್ಲಿ ಬೆಂಗಳೂರು ಗ್ರಾಮಾಂತರ. 2007ರಲ್ಲಿ ರಾಮನಗರ ಜಿಲ್ಲೆ. ಈಗ 2025ರಲ್ಲಿ ಬೆಂಗಳೂರು ದಕ್ಷಿಣ. ಗ್ಯಾರೇಜು ಒಂದು ಅಡಿ ಕೂಡ ಜರುಗಿಲ್ಲ. ತಮ್ಮ ಈ ಸಲ ಜಿಲ್ಲೆಯ ಹೆಸರನ್ನೇ ಬಿಟ್ಟು ಪೇಂಟ್ ಮಾಡಿಸಿದ್ದಾನೆ. ತಾತನ ಅಪ್ಪ ಮಾತ್ರ ಸಾಯುವ ತನಕ ರಾಮನಗರವನ್ನು ಕ್ಲೋಸ್‌ಪೇಟೆ ಅಂತಲೇ ಕರೆಯುತ್ತಿದ್ದರಂತೆ.

ಸೈಕಲ್ ಆದ ಮೇಲೆ ಟೈರ್ ಗಾಡಿ. ಎತ್ತಿನ ಗಾಡಿಗೆ ಕಬ್ಬಿಣದ ಪಟ್ಟಿಯ ಬದಲು ಹಳೇ ಲಾರಿ ಟೈರು ಬಂತಲ್ಲ, ಅದು. ಎತ್ತು ಬಿಚ್ಚಿ ಮರಕ್ಕೆ ಕಟ್ಟಿ, ಮೂಕಿಗೆ ಆಸರೆ ಕೊಟ್ಟು ಗಾಡಿ ಎತ್ತಿ, ಪಂಕ್ಚರ್ ಹಾಕಿಸಿಕೊಂಡು ಹೋಗುತ್ತಿದ್ದರು. ಅದಾದ ಮೇಲೆ ಜಾವಾ ಬೈಕು. ಅಲ್ಲಿಂದ ಅದು ನಿಜವಾದ ಗ್ಯಾರೇಜು.

ಕೈ ನೋಯುತ್ತಿದೆ. ಓದುವವರು ಇದ್ದರೆ ಉಳಿದದ್ದು ಬರೆಯುತ್ತೇನೆ.

ಯೆಜ್ಡಿ ಯಜಮಾನ

ಜಾವಾ ಅಂದು ನಿಲ್ಲಿಸಿಬಿಟ್ಟರೆ ಹೇಗೆ ಮೇಡಂ? ಮುಂದುವರಿಸಿ. ನನ್ನ ಹತ್ತಿರ ಅಪ್ಪನ ಯೆಜ್ಡಿ ಇದೆ. ಅದೂ ಜಾವಾದವರದೇ, ಮೈಸೂರಿನ ಯಾದವಗಿರಿ ಫ್ಯಾಕ್ಟರಿಯಿಂದ ಬಂದದ್ದು.

ಆರನೇ ಗೇರು

ಆ ಟೈರು ನಾನು ನೋಡಿದ್ದೇನೆ. ರಾತ್ರಿ ಹೊತ್ತು ಅದರೊಳಗೆ ಒಂದು ಕೆಂಪು ಬಲ್ಬು ಉರಿಯುತ್ತಿತ್ತು, ಅಲ್ವಾ? 22 ವರ್ಷ ಲಾರಿ ಓಡಿಸಿದ್ದೇನೆ. ದೂರದಿಂದ ಕೆಂಪು ಉಂಗುರ ಕಂಡರೆ ಇನ್ನೇನು ಚನ್ನಪಟ್ಟಣ ಬಂತು ಅಂತ ಲೆಕ್ಕ.

ಒಂದು ಸಲ ಹಿಂದಿನ ಸ್ಪ್ರಿಂಗಿನ ಮೇನ್ ಪಟ್ಟಿ ಕಟ್ಟಾಗಿ ಅಲ್ಲೇ ನಿಂತಿದ್ದೆ. ತೆಂಗಿನಕಾಯಿ ಲೋಡು. ನಿಮ್ಮ ತಾತ ಬಂದು ನೋಡಿ, "ಮೊದಲು ಊಟ ಮಾಡು. ಪಟ್ಟಿ ಬೆಳಗಾಗೋ ತನಕ ಸಿಗಲ್ಲ" ಅಂದರು. ಹಗ್ಗದ ಮಂಚ ಕೊಟ್ಟರು. ಸೊಳ್ಳೆ ಮಾತ್ರ ವಿಪರೀತ.

ಹುಣಸೆಮರದ ಮೊಮ್ಮಗಳು

ಹೌದಣ್ಣ, ಕೆಂಪು ಬಲ್ಬು. ಆ ಮಂಚ ಈಗಲೂ ಇದೆ, ಹಗ್ಗ ಬದಲಾಗಿದೆ. ಸೊಳ್ಳೆಯೂ ಇದೆ.

ಯೆಜ್ಡಿಯವರೇ, ಬರೆಯುತ್ತೇನೆ ಕೇಳಿ. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಫ್ಯಾಕ್ಟರಿ ಶುರುವಾದದ್ದು 1961ರಲ್ಲಿ. ಅಜ್ಜಿಯ ಕಡೆಯ ನೆಂಟರೊಬ್ಬರಿಗೆ ಅಲ್ಲಿ ಕೆಲಸ ಸಿಕ್ಕಿತು. ತಾತ ತಿಂಗಳಿಗೊಮ್ಮೆ ಬಸ್ಸು ಹತ್ತಿ ಅವರ ಮನೆಗೆ ಹೋಗುವುದು, ಭಾನುವಾರ ಇಡೀ ಕೂತು ಅವರ ಗಾಡಿಯನ್ನೇ ಬಿಚ್ಚಿ ಜೋಡಿಸುವುದು. ಟ್ರೈನಿಂಗು ಅಂದರೆ ಅಷ್ಟೇ. ಬರುವಾಗ ತಲೆಯಲ್ಲಿ ಗಾಡಿ ಇರುತ್ತಿತ್ತಂತೆ. ಅಜ್ಜಿ ತರಲು ಹೇಳಿದ ಸಾಮಾನು ಇರುತ್ತಿರಲಿಲ್ಲ.

ಜಾವಾದಲ್ಲಿ ಕಿಕ್ಕರ್ ಬೇರೆ, ಗೇರ್ ಬೇರೆ ಅಂತ ಇಲ್ಲ. ಒಂದೇ ಲಿವರ್. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ಕೆಳಗೆ ಬಿಟ್ಟರೆ ಗೇರು. ಹೊಸದಾಗಿ ಗಾಡಿ ತಗೊಂಡವರು ಎಷ್ಟೋ ಜನ ಕಿಕ್ಕರ್ ಹುಡುಕಿಕೊಂಡು ತಾತನ ಹತ್ತಿರ ಬಂದಿದ್ದಾರೆ. ಟೂ ಸ್ಟ್ರೋಕ್ ಗಾಡಿ, ಪೆಟ್ರೋಲಿಗೆ ಆಯಿಲ್ ಬೆರೆಸಬೇಕು. ಆ ಅಳತೆ ಮಾಡುವ ಕೆಲಸ ನಮ್ಮ ಅಪ್ಪನದು. ಆಗ ಅವರಿಗೆ ಏಳೋ ಎಂಟೋ ವರ್ಷ. ಶಾಲೆಗೆ ಹೋದರೆ ಮೈಯೆಲ್ಲಾ ಆಯಿಲ್ ವಾಸನೆ ಅಂತ ಮೇಷ್ಟ್ರು ಹಿಂದಿನ ಬೆಂಚಿಗೆ ಕಳಿಸುತ್ತಿದ್ದರಂತೆ. ಅದೇ ಮೇಷ್ಟ್ರು ಸಂಜೆ ಗಾಡಿ ರಿಪೇರಿಗೆ ಬರುತ್ತಿದ್ದರು.

ಕಾರು ಜಾಸ್ತಿಯಾದದ್ದು 70ರ ದಶಕದಲ್ಲಿ. ಅಂಬಾಸಡರ್, ಫಿಯಟ್, ಹೆಚ್ಚಾಗಿ ಎರಡೇ ಜಾತಿ. ಬೇಸಿಗೆಯಲ್ಲಿ ಅಂಬಾಸಡರ್ ಬಂದು ನಿಂತರೆ ಮುಕ್ಕಾಲು ಪಾಲು ಒಂದೇ ರೋಗ. ಇಂಜಿನ್ ಕಾವಿಗೆ ಪಂಪಿನಲ್ಲೇ ಪೆಟ್ರೋಲು ಆವಿಯಾಗಿ, ಕಾರ್ಬರೇಟರಿಗೆ ಹೋಗುತ್ತಿರಲಿಲ್ಲ. ಔಷಧ ಅಂದರೆ ಒಂದು ಒದ್ದೆ ಬಟ್ಟೆ. ಪಂಪಿನ ಮೇಲೆ ಸುತ್ತಿ ಕಾಲು ಗಂಟೆ ಕಾಯಬೇಕು. ಅದಕ್ಕೆ ತಾತ ದುಡ್ಡು ತಗೊಳ್ಳುತ್ತಿರಲಿಲ್ಲ. ಆ ಕಾಲು ಗಂಟೆಯಲ್ಲಿ ಅಜ್ಜಿಯ ಟೀ ಖರ್ಚಾಗುತ್ತಿತ್ತು. ಲೆಕ್ಕ ಹಾಕಿದರೆ ಟೀಯಲ್ಲೇ ಲಾಭ ಇತ್ತೇನೋ! ಪೆಟ್ರೋಲ್ ಟ್ಯಾಂಕ್ ಸೋರಿದರೆ ಬಟ್ಟೆ ಸೋಪು ಮೆತ್ತುತ್ತಿದ್ದರು. ಸೋಪು ಪೆಟ್ರೋಲಿನಲ್ಲಿ ಕರಗುವುದಿಲ್ಲ. ಬೆಂಗಳೂರು ತಲುಪುವ ತನಕ ನಿಲ್ಲುತ್ತದೆ.

ಆದರೆ ತಾತ ನಿಜವಾಗಿ ಹೆದರುತ್ತಿದ್ದದ್ದು ಒಂದೇ ಗಾಡಿಗೆ. ರೇಷ್ಮೆಗೂಡಿನ ಗಾಡಿ. ರಾಮನಗರದ ಗೂಡಿನ ಮಾರುಕಟ್ಟೆ ನಿಮಗೆಲ್ಲ ಗೊತ್ತಲ್ಲ. ಗೂಡು ಕಟ್ಟಿದ ಮೇಲೆ ರೈತನಿಗೆ ಸಿಗುವುದು ಕೆಲವೇ ದಿನ. ತಡವಾದರೆ ಒಳಗಿನ ಹುಳ ಚಿಟ್ಟೆಯಾಗಿ ಗೂಡು ತೂತು ಮಾಡಿ ಹೊರಗೆ ಬರುತ್ತದೆ. ತೂತಾದ ಗೂಡಿನಿಂದ ಎಳೆ ಬಿಚ್ಚಲು ಆಗುವುದಿಲ್ಲ. ಬಿಸಿಲಲ್ಲಿ ಒತ್ತಿ ತುಂಬಿಟ್ಟರೂ ಕೆಡುತ್ತದೆ. ಹರಾಜಿನ ಹೊತ್ತಿಗೆ ಮುಟ್ಟದಿದ್ದರೆ ಒಂದು ಬೆಳೆಯ ದುಡ್ಡೇ ಹೋಯಿತು. ಒಂದು ಸಲ ಕೊಳ್ಳೇಗಾಲದ ಕಡೆಯಿಂದ ಬಂದ ಟೆಂಪೋ ಬೆಳಗಿನ ಜಾವ ಕ್ಲಚ್ ಸುಟ್ಟುಕೊಂಡು ನಿಂತಿತು. ಕ್ಲಚ್ ಇಳಿಸಲು ನಾಲ್ಕು ಗಂಟೆ ಬೇಕು. ತಾತ ಗಾಡಿಯನ್ನು ಮುಟ್ಟಲೇ ಇಲ್ಲ. ಪಕ್ಕದ ಊರಿಗೆ ಹೋಗಿ ಎರಡು ಎತ್ತಿನ ಗಾಡಿ ಎಬ್ಬಿಸಿಕೊಂಡು ಬಂದು ಗೂಡನ್ನು ಕಳಿಸಿದರು, ಆಮೇಲೆ ಬಂದು ಬಾನೆಟ್ ಎತ್ತಿದರು. "ಗಾಡಿ ಸಾಯಂಕಾಲದ ತನಕ ಕಾಯುತ್ತೆ, ಹುಳ ಕಾಯಲ್ಲ" ಅಂದರಂತೆ.

ಗೊಂಬೆಮನೆ

ಅಕ್ಕಾ, ಇದನ್ನು ಅಪ್ಪನಿಗೆ ತೋರಿಸಿದೆ. ಅವರು ಹೇಳಿದ್ದು ಕೇಳಿ. ನಿಮ್ಮ ತಾತ ಗೊಂಬೆ ಮಾಡುವ ನಮ್ಮ ಮನೆಗೆ ಬಂದು ಗೇರ್ ಲಿವರಿನ ತಲೆಗೆ ಹಾಕುವ ಗುಂಡು ಮಾಡಿಸಿಕೊಂಡು ಹೋಗುತ್ತಿದ್ದರಂತೆ. ಲಾರಿಯವರಿಗೆ ಭಾರಿ ಇಷ್ಟವಂತೆ. ಹಾಲೆ ಮರದಲ್ಲಿ ಗುಂಡು ಕಡೆದು, ಅದು ತಿರುಗುತ್ತಿರುವಾಗಲೇ ಅರಗಿನ ಕಡ್ಡಿ ಒತ್ತಿದರೆ ಕಾವಿಗೆ ಬಣ್ಣ ಕರಗಿ ಹತ್ತುತ್ತದೆ. ಆಮೇಲೆ ತಾಳೆಗರಿಯಲ್ಲಿ ಉಜ್ಜಿದರೆ ಹೊಳಪು. ಹಳದಿ ಮೇಲೆ ಕೆಂಪು ಪಟ್ಟೆ ಜಾಸ್ತಿ ಹೋಗುತ್ತಿತ್ತಂತೆ. ಈಗ ನಮ್ಮಲ್ಲಿ ಕೇಳುವುದೆಲ್ಲ ಮಕ್ಕಳ ಆಟಿಕೆ, ಕೀ ಬಂಚು. ಗೇರ್ ಗುಂಡು ಕೇಳಿಕೊಂಡು ಯಾರೂ ಬಂದಿಲ್ಲ.

ಆರನೇ ಗೇರು

ನನ್ನ ಗಾಡಿಯಲ್ಲಿ ಇತ್ತು! ಹಸಿರು ಕೆಂಪು. ಗಾಡಿ ಮಾರುವಾಗ ಅದನ್ನು ಮಾತ್ರ ಬಿಚ್ಚಿಟ್ಟುಕೊಂಡಿದ್ದೆ. ಮೊಮ್ಮಗ ಬುಗುರಿ ಅಂದುಕೊಂಡು ಆಡಿ ಎಲ್ಲೋ ಕಳೆದ.

ಖಾರದಪುಡಿ

ಎಲ್ಲರೂ ಹೊಗಳುತ್ತಿದ್ದೀರಿ, ನಾನು ಸ್ವಲ್ಪ ಬೇರೆ ಹೇಳಲೇ? 1997ರಲ್ಲಿ ನನ್ನ ಪ್ರೀಮಿಯರ್ ಪದ್ಮಿನಿಯ ಫ್ಯಾನ್ ಬೆಲ್ಟ್ ಕಟ್ಟಾಗಿ ಅದೇ ಗ್ಯಾರೇಜಿನ ಮುಂದೆ ನಿಂತೆ. ರಾತ್ರಿ ಹನ್ನೊಂದು ದಾಟಿತ್ತು, ಹೆಂಡತಿ ಮಕ್ಕಳು ಜೊತೆಯಲ್ಲಿ. ಬೆಲ್ಟಿಗೆ ಅಂಗಡಿ ರೇಟಿನ ಎರಡರಷ್ಟು ತಗೊಂಡರು. ಅದು ತಾತ ಅಲ್ಲ, ಮೀಸೆ ಇದ್ದ ಇನ್ನೊಬ್ಬರು. ಹೆದ್ದಾರಿ ಗ್ಯಾರೇಜು ಅಂದರೆ ಹೀಗೇ. ಬೇರೆ ದಾರಿ ಇಲ್ಲ ಅಂತ ಗೊತ್ತಾದರೆ ರೇಟು ಏರುತ್ತದೆ.

ಹುಣಸೆಮರದ ಮೊಮ್ಮಗಳು

ಮೀಸೆ ಅಂದರೆ ನಮ್ಮ ಅಪ್ಪನೇ. ಫೋನ್ ಮಾಡಿ ಕೇಳಿದೆ. "ತಗೊಂಡಿರ್ತೀನಿ. ಮಲಗಿದ್ದವನನ್ನ ಎಬ್ಬಿಸಿದರೆ ಹಗಲಿನ ರೇಟಾ?" ಅಂದರು. ಹಿಂದಿನಿಂದ ಅಮ್ಮ, "ಮಕ್ಕಳಿಗೆ ಹಾಲು ಕಾಯಿಸಿ ಕೊಟ್ಟಿರ್ತೀನಿ, ಅದನ್ನ ಬರೆದಿಲ್ವಾ ಅವರು?" ಅಂತ ಕೇಳಿದರು.

ನಿಮ್ಮ ಮಾತು ಪೂರ್ತಿ ಸುಳ್ಳಲ್ಲ. ತಾತನ ಕಾಲದಲ್ಲಿ ರಾತ್ರಿ ರೇಟು ಇರಲಿಲ್ಲ. ಅಪ್ಪ ಶುರು ಮಾಡಿದರು. ತಾತನಿಗೂ ಅಪ್ಪನಿಗೂ ಅದರ ಮೇಲೆ ಆರು ತಿಂಗಳು ಮಾತಿರಲಿಲ್ಲ. ಒಬ್ಬರು ಪಾನಾ ಕೇಳಿದರೆ ಇನ್ನೊಬ್ಬರು ಚಿಕ್ಕಪ್ಪನ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದರು, ಮೂರಡಿ ದೂರಕ್ಕೆ.

ಖಾರದಪುಡಿ

ಹಾಲು ಕೊಟ್ಟಿದ್ದರು. ಅದು ನಿಜ. ಮರೆತಿದ್ದೆ.

ಸುಮ್ನೆ ಓದುಗ

ನಾನೂ ಖಾರವೇ. ಎಕ್ಸ್‌ಪ್ರೆಸ್‌ವೇ ಬಂದು ಊರು ಹಾಳಾಯಿತು ಅಂತ ಅಳುವ ಬರಹ ನೂರು ಓದಿದ್ದೇನೆ. ಮೊದಲು ಮೈಸೂರಿಗೆ ಮೂರು ಗಂಟೆ. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಒಂದೊಂದು ಊರಲ್ಲೂ ಹಂಪು, ಸಿಗ್ನಲ್ಲು. ಈಗ ಅದರ ಅರ್ಧ ಹೊತ್ತು. ಇದನ್ನೂ ಬರೆಯಬೇಕಲ್ಲವೇ?

ಹುಣಸೆಮರದ ಮೊಮ್ಮಗಳು

ನಾನು ಅತ್ತಿಲ್ಲವಲ್ಲ? ನನ್ನ ಮಗಳು ಓದುತ್ತಿರುವುದು ಮೈಸೂರಿನಲ್ಲಿ. ನಾನೂ ಎಕ್ಸ್‌ಪ್ರೆಸ್‌ವೇ ಬಸ್ಸಿನಲ್ಲೇ ಹೋಗುತ್ತೇನೆ. ರಾಮನಗರ–ಚನ್ನಪಟ್ಟಣ ಬೈಪಾಸಿನ ಮೇಲೆ ಹೋಗುವಾಗ ನಮ್ಮ ಊರು ಯಾವ ಕಡೆ ಅಂತ ಕಿಟಕಿಯಿಂದ ಹುಡುಕುತ್ತೇನೆ. ತೆಂಗಿನ ತೋಟ ಮಾತ್ರ ಕಾಣುತ್ತದೆ.

ನಿಜ ಹೇಳಬೇಕೆಂದರೆ ನಮಗೆ ಜಾಸ್ತಿ ಪೆಟ್ಟು ಕೊಟ್ಟದ್ದು ಎಕ್ಸ್‌ಪ್ರೆಸ್‌ವೇ ಅಲ್ಲ. ಅದಕ್ಕಿಂತ ಮುಂಚೆ ಎರಡು ಸಲ ಗ್ಯಾರೇಜು ಮುಳುಗುವ ಹಾಗೆ ಆಗಿತ್ತು.

ಒಂದು, 1983ರ ಕೊನೆಗೆ ಮಾರುತಿ 800 ಬಂದದ್ದು. ಅದು ಕೆಡುತ್ತಲೇ ಇರಲಿಲ್ಲ! ಅಪ್ಪ ಮೊದಲ ಸಲ ಬಾನೆಟ್ ಎತ್ತಿ ನೋಡಿ "ಇದರಲ್ಲಿ ಕೈ ಹಾಕೋಕೆ ಜಾಗ ಎಲ್ಲಿದೆ?" ಅಂದರಂತೆ. ಆಮೇಲೆ ಬಂದವು ಎಂಪಿಎಫ್‌ಐ ಗಾಡಿಗಳು, ಅಂದರೆ ಕಂಪ್ಯೂಟರೇ ಅಳತೆ ನೋಡಿ ಪೆಟ್ರೋಲ್ ಚಿಮ್ಮಿಸುವಂಥವು. ಕಾರ್ಬರೇಟರೇ ಇಲ್ಲ. ಪಾಯಿಂಟ್ (ಪ್ಲಗ್ಗಿಗೆ ಕಿಡಿ ಕೊಡಿಸುವ ಸ್ವಿಚ್ಚು) ಉಜ್ಜುವುದು, ಕಾರ್ಬರೇಟರಿನ ಜೆಟ್ ಊದುವುದು, ಕಿವಿಯಲ್ಲೇ ಟ್ಯೂನಿಂಗ್ ಮಾಡುವುದು, ಯಾವುದೂ ನಡೆಯುವುದಿಲ್ಲ. ಮೆಷಿನ್ ಸಿಕ್ಕಿಸಿ ಕೋಡ್ ಓದಬೇಕು. ಅಪ್ಪನ ಕಿವಿಗೆ ಕೆಲಸ ಹೋಯಿತು. ಚಿಕ್ಕಪ್ಪ ಆಗಲೇ ಬಿಟ್ಟು ಬೆಂಗಳೂರಿನ ಶೋರೂಮ್ ಸೇರಿದರು.

ಇನ್ನೊಂದು, 2000 ಆದ ಮೇಲೆ ರಸ್ತೆ ನಾಲ್ಕು ಪಥ ಆದದ್ದು. ಆಗ ಹೋಯಿತು ಹುಣಸೆಮರ. ಗ್ಯಾರೇಜಿನ ಮುಂದಿನ ಹನ್ನೆರಡು ಅಡಿಯೂ ಹೋಯಿತು. ಅದರ ಜೊತೆ ನಮ್ಮ ಪಿಟ್. ಕಾರಿನ ಕೆಳಗೆ ಇಳಿಯಲು ತಾತ ತಮ್ಮ ಕೈಯಾರೆ ಅಗೆದ ಗುಂಡಿ ಅದು. ಮೇಲೆ ಹಲಗೆ ಮುಚ್ಚಿರುತ್ತಿತ್ತು. ಮಳೆಗಾಲದಲ್ಲಿ ನೀರು ಜಿನುಗಿ ಮೊಣಕಾಲಿಗೆ ಬರುತ್ತಿತ್ತು, ಎರಡು ಸಲ ನಾಗರಹಾವು ಸಿಕ್ಕಿತ್ತು. ಆದರೂ ಪಿಟ್ ಇಲ್ಲದೆ ಗೇರ್ ಬಾಕ್ಸ್ ಇಳಿಸುವುದು ಹೇಗೆ? ಮರ ಬೀಳುವ ದಿನ ತಾತ ಮನೆಯಲ್ಲೇ ಇದ್ದರು. ಪಿಟ್ಟಿಗೆ ಮಣ್ಣು ಸುರಿಯುವ ದಿನ ಮಾತ್ರ ಕುರ್ಚಿ ಹಾಕಿಸಿಕೊಂಡು ಎದುರು ಕೂತರು. ಕಂಟ್ರಾಕ್ಟರನ ಹುಡುಗರಿಗೆ "ಚೆನ್ನಾಗಿ ತುಳಿಯಿರೋ, ಇಲ್ಲಾಂದ್ರೆ ಮಳೆಗೆ ಕುಸಿಯುತ್ತೆ" ಅಂತ ಹೇಳುತ್ತಲೇ ಇದ್ದರು.

ದೂರದೂರಿನ ಕನ್ನಡಿಗ

ಪಿಟ್ ಅಂದಿರಲ್ಲ, ಒಂದು ಹೇಳಲೇಬೇಕು. ನಾನಿರುವುದು ಅಮೆರಿಕದ ಸೇಂಟ್ ಲೂಯಿಸ್. ಇಲ್ಲಿಂದ ಒಂದು ಗಂಟೆ ದೂರದಲ್ಲಿ ಮೌಂಟ್ ಆಲಿವ್ ಅಂತ ಚಿಕ್ಕ ಊರಿದೆ, ಹಳೇ ರೂಟ್ 66 ಹೆದ್ದಾರಿಯ ಮೇಲೆ. ಅಲ್ಲಿ ಸೋಲ್ಸ್‌ಬಿ ಮನೆಯವರ ಪೆಟ್ರೋಲ್ ಬಂಕ್ ಇದೆ. ಹೆನ್ರಿ ಸೋಲ್ಸ್‌ಬಿ ಕಲ್ಲಿದ್ದಲು ಗಣಿಯಲ್ಲಿ ದುಡಿಯುತ್ತಿದ್ದವರು. ಪೆಟ್ಟಾಗಿ ಗಣಿ ಬಿಟ್ಟ ಮೇಲೆ ಉಳಿಸಿದ ದುಡ್ಡನ್ನೆಲ್ಲ ಹಾಕಿ 1926ರಲ್ಲಿ ಕಟ್ಟಿಸಿದರು. ರೂಟ್ 66 ಹುಟ್ಟಿದ್ದೂ ಅದೇ ವರ್ಷ. ಅವರ ಮಗ ರಸೆಲ್, ಮಗಳು ಓಲಾ, ಇಬ್ಬರೇ ಸೇರಿ 1991ರ ತನಕ ಪೆಟ್ರೋಲ್ ಹಾಕಿದರು. ಹೆದ್ದಾರಿ 55 ಬಂದು ಗಾಡಿಗಳೆಲ್ಲ ಆ ಕಡೆ ಹೋದ ಮೇಲೂ.

ಅಲ್ಲಿ ಪಿಟ್ ಇರಲಿಲ್ಲ, ಲಿಫ್ಟೂ ಇರಲಿಲ್ಲ. ಹೊರಗೆ ಎರಡು ಇಳಿಜಾರು ಕಟ್ಟೆ. ಕಾರನ್ನು ಅದರ ಮೇಲೆ ಹತ್ತಿಸಿ ಕೆಳಗೆ ನುಗ್ಗುವುದು. ರಸೆಲ್ ಎರಡನೇ ಮಹಾಯುದ್ಧದಲ್ಲಿ ರೇಡಿಯೋ ಕೆಲಸ ಕಲಿತು ಬಂದವರು. ಹಾಗಾಗಿ ಬಂಕಿನಲ್ಲೇ ರೇಡಿಯೋ, ಟಿವಿ ರಿಪೇರಿ ಕೂಡ. ನಿಮ್ಮ ಅಜ್ಜಿಯ ಟೀ ಓದಿದಾಗ ಅದೇ ನೆನಪಾಯಿತು. 1999ರಲ್ಲಿ ರಸೆಲ್ ತೀರಿಕೊಂಡಾಗ ಶವಯಾತ್ರೆಯನ್ನು ಬಂಕಿನ ಮುಂದಿನಿಂದಲೇ ತೆಗೆದುಕೊಂಡು ಹೋದರಂತೆ. ಈಗ ಅದು ಸರ್ಕಾರದ ಚಾರಿತ್ರಿಕ ಸ್ಥಳಗಳ ಪಟ್ಟಿಯಲ್ಲಿದೆ. ಚೊಕ್ಕವಾಗಿ ಪೇಂಟ್ ಮಾಡಿಟ್ಟಿದ್ದಾರೆ. ನಾನು ಹೋದಾಗ ಒಂದು ಹನಿ ಆಯಿಲ್ ಕೂಡ ನೆಲದ ಮೇಲೆ ಇರಲಿಲ್ಲ.

ಹುಣಸೆಮರದ ಮೊಮ್ಮಗಳು

ಅಣ್ಣ, ನೆಲದ ಮೇಲೆ ಆಯಿಲ್ ಇಲ್ಲ ಅಂದಿರಲ್ಲ, ಅಪ್ಪನಿಗೆ ಅದನ್ನು ಓದಿದೆ. "ಹಂಗಾದ್ರೆ ಅದು ಗ್ಯಾರೇಜ್ ಅಲ್ಲ ಬಿಡು" ಅಂದರು. ಎರಡು ಇಳಿಜಾರು ಕಟ್ಟೆ ಮಾತ್ರ ಅವರಿಗೆ ಹಿಡಿಸಿದೆ. ಎಷ್ಟು ಎತ್ತರ ಅಂತ ಕೇಳುತ್ತಿದ್ದಾರೆ. ಫೋಟೋ ಇದ್ದರೆ ಕಳಿಸಿ.

ವೈಟ್‌ಫೀಲ್ಡ್ ವಲಸಿಗ

2022ರ ಆಗಸ್ಟ್ ಕೊನೆಯ ಮಳೆ ನೆನಪಿದೆಯಾ? ರಾಮನಗರದ ಹತ್ತಿರ ಹೊಸ ಹೆದ್ದಾರಿಯೇ ಕೆರೆ ಆಗಿತ್ತಲ್ಲ. ನನ್ನ ಕಾರು ಅರ್ಧ ಮುಳುಗಿತ್ತು. ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಒಂದು ಸಣ್ಣ ಗ್ಯಾರೇಜಿಗೆ ತಂದೆ. ಈಗ ಓದುತ್ತಿದ್ದರೆ ಅದು ಇದೇ ಅನ್ನಿಸುತ್ತಿದೆ. ಮುಂದೆ ಮರ ಇರಲಿಲ್ಲ, ಒಳಗೆ ಹಗ್ಗದ ಮಂಚ ಇತ್ತು. ಅಲ್ಲಿನ ಹುಡುಗ ಮೊದಲು ಕೇಳಿದ್ದು, "ನೀರಾದ ಮೇಲೆ ಸ್ಟಾರ್ಟ್ ಮಾಡಿದ್ರಾ ಸಾರ್?" ಅಂತ. ಇಲ್ಲ ಅಂದೆ. "ಬದುಕಿದಿರಿ" ಅಂದ.

ಹುಣಸೆಮರದ ಮೊಮ್ಮಗಳು

ನನ್ನ ತಮ್ಮನೇ. ಆ ವಾರ ಅಂಗಳದಲ್ಲಿ ಹನ್ನೊಂದು ಕಾರು ಸಾಲಾಗಿ ನಿಂತಿದ್ದವು. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲು ಆಗುವುದಿಲ್ಲ. ಸಿಲಿಂಡರಿನಲ್ಲಿ ನೀರು ತುಂಬಿರುವಾಗ ಸೆಲ್ಫ್ ಹೊಡೆದರೆ ಪಿಸ್ಟನ್ ಮೇಲೆ ಬರಲಾಗದೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಮೊದಲು ಪ್ಲಗ್ ಬಿಚ್ಚಿ ನೀರು ಹೊರಗೆ ಹಾರಿಸಬೇಕು. ಸ್ಟಾರ್ಟ್ ಮಾಡಿ ನೋಡಿದ ನಾಲ್ಕು ಜನರ ಇಂಜಿನ್ ಬೆಂಗಳೂರಿಗೆ ಟ್ರಕ್ ಮೇಲೆ ಹೋಯಿತು.

ಆ ಹನ್ನೊಂದೇ ಕೊನೆ. ಅಷ್ಟು ಕಾರು ಮತ್ತೆ ಬಂದಿಲ್ಲ. 2023ರ ಮಾರ್ಚ್ 12ಕ್ಕೆ ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯಿತು. ಅದಕ್ಕೂ ಮುಂಚೆಯೇ ಬೈಪಾಸಿನಲ್ಲಿ ಗಾಡಿ ಬಿಟ್ಟಿದ್ದರು. ಒಂದು ದಿನ ಮಧ್ಯಾಹ್ನ ಅಮ್ಮ ಫೋನ್ ಮಾಡಿ "ರಸ್ತೆಯಲ್ಲಿ ಯಾರೋ ರಾಗಿ ಒಣಗಿಸಿದ್ದಾರೆ ಕಣೇ" ಅಂದರು. ನಾಲ್ಕು ಪಥದ ರಸ್ತೆಯಲ್ಲಿ! ತಮ್ಮ ಆಗ ಗ್ಯಾರೇಜನ್ನು ಗೋಡೌನಿಗೆ ಬಾಡಿಗೆ ಕೊಡುವ ಮಾತಾಡಿದ್ದ.

ಆಗ ಬಂತು ಆಗಸ್ಟ್ 1. ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಯಲ್ಲಿ ಬೈಕು, ಆಟೋ, ಟ್ರ್ಯಾಕ್ಟರ್ ಹೋಗುವಂತಿಲ್ಲ ಅಂದರು. ಅಷ್ಟೂ ಗಾಡಿ ಎಲ್ಲಿ ಹೋಗಬೇಕು? ನಮ್ಮ ರಸ್ತೆಗೇ. ತಮ್ಮ ಕಾರಿನ ಜಾಕಿಗಳನ್ನು ಮೂಲೆಗೆ ತಳ್ಳಿ, ಎರಡು ಬೈಕ್ ಸ್ಟ್ಯಾಂಡ್ ವೆಲ್ಡ್ ಮಾಡಿಸಿಕೊಂಡ. ಭಾನುವಾರ ಬೆಳಿಗ್ಗೆ ಬೆಂಗಳೂರಿನ ಬೈಕ್ ಹುಡುಗರು ತಟ್ಟೆ ಇಡ್ಲಿ ತಿನ್ನಲು ಬಿಡದಿಗೆ, ವಡೆ ತಿನ್ನಲು ಮದ್ದೂರಿಗೆ ಹೋಗುತ್ತಾರೆ. ಒಂದಿಬ್ಬರಾದರೂ ಚೈನ್ ಸಡಿಲ ಅಂತ ನಿಲ್ಲುತ್ತಾರೆ. ಅಪ್ಪನಿಗೆ 70 ದಾಟಿದೆ. ಆದರೂ ಹಳೇ ಜಾವಾ, ಯೆಜ್ಡಿ ಬಂದರೆ ತಮ್ಮ ಮುಟ್ಟುವಂತಿಲ್ಲ. ಅವರೇ ಏಳುತ್ತಾರೆ, ಕಿವಿ ಹತ್ತಿರ ತರುತ್ತಾರೆ.

ಯೆಜ್ಡಿ ಯಜಮಾನ

ಸರಿ, ಹಾಗಾದರೆ ಅಪ್ಪನಿಗೇ ಒಂದು ಪ್ರಶ್ನೆ. ನನ್ನ ಗಾಡಿ ತಣ್ಣಗಿರುವಾಗ ಒಂದೇ ಕಿಕ್ಕಿಗೆ ಸ್ಟಾರ್ಟು. ಇಪ್ಪತ್ತು ಕಿಲೋಮೀಟರ್ ಆದ ಮೇಲೆ ಮಿಸ್ಸಿಂಗ್ ಶುರುವಾಗಿ ನಿಲ್ಲುತ್ತದೆ. ಅರ್ಧ ಗಂಟೆ ಬಿಟ್ಟರೆ ಮತ್ತೆ ಸರಿ. ಕಾರ್ಬರೇಟರ್ ಮೂರು ಸಲ ಬಿಚ್ಚಿದ್ದಾಯಿತು.

ಹುಣಸೆಮರದ ಮೊಮ್ಮಗಳು

ಅಪ್ಪ ಪೂರ್ತಿ ಕೇಳುವ ಮುಂಚೆಯೇ "ಕಂಡೆನ್ಸರ್" ಅಂದರು. ಪಾಯಿಂಟಿನಲ್ಲಿ ಕಿಡಿ ಹಾರದ ಹಾಗೆ ತಡೆಯುವ ಪುಟ್ಟ ಡಬ್ಬಿ ಅದು. ನಿಂತಾಗ ಕವರ್ ತೆಗೆದು, ಕಿಕ್ ಹೊಡೆಯುವಾಗ ಪಾಯಿಂಟಿನಲ್ಲಿ ಜೋರಾಗಿ ಕಿಡಿ ಹಾರುತ್ತದಾ ನೋಡಿ. ಹಾರಿದರೆ ಕಂಡೆನ್ಸರೇ. ಅದೂ ಅಲ್ಲದಿದ್ದರೆ ಕಾಯಿಲ್. ಪಾಯಿಂಟ್ ಯಾವಾಗ ತೆರೆಯುತ್ತದೆ ಅಂತ ನೋಡಲು ಸಿಗರೇಟ್ ಪ್ಯಾಕಿನ ತೆಳು ಕಾಗದ ಸಿಕ್ಕಿಸಿ ಮೆಲ್ಲಗೆ ಎಳೆಯುತ್ತಿರಿ. ಬಿಟ್ಟುಕೊಂಡ ಕ್ಷಣವೇ ತೆರೆದದ್ದು. ಕಾರ್ಬರೇಟರನ್ನು ಇನ್ನು ಬಿಚ್ಚಬೇಡಿ ಅಂತೆ, ಪಾಪ ಅದರದ್ದೇನೂ ತಪ್ಪಿಲ್ಲ.

ಗೊಂಬೆಮನೆ

ಅಕ್ಕಾ, ನಿಮ್ಮಲ್ಲಿ ಪೂಜೆಗೆ ಇಡದ ಸ್ಪ್ಯಾನರ್ ಒಂದು ಇದೆಯಂತಲ್ಲ? ಅಪ್ಪ ಅದನ್ನೂ ಹೇಳುತ್ತಿದ್ದರು. ಏನದು?

ಹುಣಸೆಮರದ ಮೊಮ್ಮಗಳು

ಅಯ್ಯೋ, ಅದು ಅಜ್ಜಿ ತಾತನ ಜಗಳ. ಆಯುಧ ಪೂಜೆ ದಿನ ಸಾಮಾನೆಲ್ಲ ತೊಳೆದು, ಸಾಲಾಗಿ ಇಟ್ಟು, ಅರಿಶಿನ ಕುಂಕುಮ ಹಚ್ಚಿ, ಕುಂಬಳಕಾಯಿ ಒಡೆದು, ಕಡ್ಲೆಪುರಿ ಹಂಚುತ್ತೇವೆ. ಪೂಜೆಗೆ ಇಟ್ಟದ್ದನ್ನು ಆ ದಿನ ಕೆಲಸಕ್ಕೆ ಎತ್ತಬಾರದು. ಆದರೆ ಮಾರನೇ ದಿನ ಮೈಸೂರಿನಲ್ಲಿ ಜಂಬೂಸವಾರಿ. ವರ್ಷದಲ್ಲೇ ಜಾಸ್ತಿ ಗಾಡಿ ನಮ್ಮ ರಸ್ತೆಯಲ್ಲಿ ಓಡುವುದು, ಕೆಟ್ಟು ನಿಲ್ಲುವುದು ಅದರ ಹಿಂದಿನ ದಿನ, ಪೂಜೆಯ ದಿನವೇ! ಮಕ್ಕಳು ಮರಿ ಕಟ್ಟಿಕೊಂಡು ಬಂದು ನಿಂತವರಿಗೆ ಪೂಜೆ ಇದೆ ಹೋಗಿ ಅನ್ನಲು ತಾತನಿಗೆ ಮನಸ್ಸು ಬರಲಿಲ್ಲ. ಅದಕ್ಕೆ ಒಂದು ಪ್ಲಗ್ ಸ್ಪ್ಯಾನರ್, ಒಂದು 10-11 ಪಾನಾ, ಒಂದು ಸ್ಕ್ರೂಡ್ರೈವರ್, ಈ ಮೂರನ್ನು ಪೂಜೆಗೆ ಇಡದೆ ಕಿಟಕಿಯ ಮೇಲೆ ಬಚ್ಚಿಡುತ್ತಿದ್ದರು. "ಪೂಜೆ ಕಾಣದ ಸಾಮಾನು ಕೈ ಕುಯ್ಯುತ್ತೆ" ಅಂತ ಅಜ್ಜಿ ಬಯ್ಯುತ್ತಿದ್ದರು. ಒಂದು ವರ್ಷ ತಾತನ ಹೆಬ್ಬೆರಳು ಕುಯ್ದೂ ಬಿಟ್ಟಿತು. ಅಜ್ಜಿ ಅದನ್ನು ಇಪ್ಪತ್ತು ವರ್ಷ ಹೇಳಿದರು.

ಮೂರೂ ಇವತ್ತಿಗೂ ಕಿಟಕಿಯ ಮೇಲಿವೆ. ಒಂದು ಸಲವೂ ಕುಂಕುಮ ಕಂಡಿಲ್ಲ.

ಯೆಜ್ಡಿ ಯಜಮಾನ

ಕಂಡೆನ್ಸರ್ ಅಂದದ್ದು ಸರಿ ಇದೆ, ಪಾಯಿಂಟಿನಲ್ಲಿ ಪಟಾಕಿ ಥರ ಕಿಡಿ. ನಾನು ಈ ಸಲ ದಸರಾಗೆ ಯೆಜ್ಡಿಯಲ್ಲೇ ಹೋಗಬೇಕು ಅಂತಿದ್ದೇನೆ. ಹೊರಡುವುದು ಆಯುಧ ಪೂಜೆ ದಿನ ಮಧ್ಯಾಹ್ನ. ನಿಮ್ಮ ಹತ್ತಿರ ಬಂದು ನಿಂತರೆ ನೋಡುತ್ತೀರಾ?

ಹುಣಸೆಮರದ ಮೊಮ್ಮಗಳು

ಬನ್ನಿ. ಕಂಡೆನ್ಸರ್ ಮಾತ್ರ ಬೆಂಗಳೂರಿಂದಲೇ ತನ್ನಿ, ನಮ್ಮಲ್ಲಿ ಒಂದೇ ಉಳಿದಿದೆ, ಅದನ್ನು ಅಪ್ಪ ಯಾರಿಗೂ ಕೊಡುವುದಿಲ್ಲ. ಕಡ್ಲೆಪುರಿ ಇರುತ್ತದೆ. ರಾತ್ರಿ ಹತ್ತರ ಒಳಗೆ ಬನ್ನಿ, ಆಮೇಲೆ ರೇಟು ಬೇರೆ.